ಜಾಡಿಯ ಎಡಮಗ್ಗುಲು

ಆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮಾದರಿಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು ‘ಗಂಟೆ ಓಟ’. ಪ್ರಯೋಗಾಲಯದ ಗೋಡೆಗೆ ತಾಗಿಸಿ ಮೇಜುಗಳನ್ನು ಸಾಲಾಗಿ ಇಡುತ್ತಿದ್ದರು. ಒಂದರ ಮೇಲೆ ಫಾರ್ಮಲಿನ್ ತುಂಬಿದ ಜಾಡಿ, ಇನ್ನೊಂದರ ಮೇಲೆ ಒಂದು ತಲೆಬುರುಡೆ, ಮತ್ತೊಂದರ ಮೇಲೆ ಸೂಕ್ಷ್ಮದರ್ಶಕ. ಒಂದು ಮೇಜಿಗೆ ಒಬ್ಬರಂತೆ ನಿಂತು, ಎದುರಿಗಿರುವುದು ಏನು, ಯಾವ ಗುಂಪಿಗೆ ಸೇರಿದ್ದು, ಯಾವ ಲಕ್ಷಣ ನೋಡಿ ಹಾಗೆ ಹೇಳುತ್ತೀರಿ ಎಂದು ಬರೆಯಬೇಕು. ಮಾದರಿಯನ್ನು ಮುಟ್ಟುವಂತಿಲ್ಲ. ಗಂಟೆ ಬಾರಿಸಿದ ಕೂಡಲೇ, ಬರೆಯುತ್ತಿದ್ದ ವಾಕ್ಯವನ್ನು ಎಲ್ಲಿದ್ದರೆ ಅಲ್ಲೇ ಬಿಟ್ಟು, ಎಲ್ಲರೂ ಬಲಕ್ಕೆ ಸರಿಯಬೇಕು.

ಮೊದಲ ಎರಡು ವರ್ಷ ಈ ಓಟದಲ್ಲಿ ಚೂಟಿಯನ್ನು ಹಿಂದೆ ಹಾಕಿದವರಿರಲಿಲ್ಲ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಗಂಟೆಗೆ ಮೊದಲೇ ಬರೆದು ಮುಗಿಸಿ ಮುಂದಿನ ಮೇಜಿನ ಕಡೆ ಕತ್ತು ಚಾಚಿ ನಿಲ್ಲುತ್ತಿದ್ದ ಅವಳನ್ನು ಹಾಗೆ ಮೊದಲು ಕರೆದವರು ಏಡಿ ಮೇಡಂ. ಅವರ ಹೆಸರೂ ಅದಲ್ಲ. ವರ್ಷಗಟ್ಟಲೆ ಏಡಿಗಳ ಮೇಲೆ ಸಂಶೋಧನೆ ಮಾಡಿದ್ದಕ್ಕೆ ವಿದ್ಯಾರ್ಥಿಗಳು ಕೊಟ್ಟ ಬಿರುದು ಅದು. ಅದು ತಮ್ಮ ಕಿವಿಗೆ ಬಿದ್ದಾಗ ಮೇಡಂ, ಸದ್ಯ ತಾನು ಹಲ್ಲಿಗಳ ಮೇಲೆ ಕೆಲಸ ಮಾಡಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದರು.

ಎರಡನೆಯ ವರ್ಷದ ಕೊನೆಯಲ್ಲಿ, ಗ್ರಂಥಾಲಯದ ಮೆಟ್ಟಿಲು ಹತ್ತುವಾಗ, ಚೂಟಿಯ ತಲೆಯ ಬಲಭಾಗದಲ್ಲಿ ಹುಟ್ಟಿನಿಂದಲೇ ಗೋಜಲಾಗಿ ಹೆಣೆದುಕೊಂಡಿದ್ದ ರಕ್ತನಾಳವೊಂದು ಒಡೆಯಿತು. ಶಸ್ತ್ರಚಿಕಿತ್ಸೆ, ಆಸ್ಪತ್ರೆ, ಮತ್ತೆ ನಡೆಯುವ ಅಭ್ಯಾಸ ಎಂದು ಒಂದು ಇಡೀ ವರ್ಷ ಹೋಯಿತು. ಕೈಕಾಲು ಮೊದಲಿನಂತಾದವು. ನಾಲಿಗೆಗಂತೂ ಏನೂ ಆಗಿರಲಿಲ್ಲ. ಎಚ್ಚರವಾದಾಗ ಅವಳು ಆಡಿದ ಮೊದಲ ಮಾತೇ, ತಲೆ ಬೋಳಿಸುವ ಮೊದಲು ತನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂಬುದು. ಆರಂಭದಲ್ಲಿ ಎಡಗಡೆ ಇರುವುದರ ಮೇಲೆ ಅವಳಿಗೆ ಗಮನ ಹೋಗುತ್ತಿಲ್ಲ ಎಂದು ವೈದ್ಯರು ಹೇಳಿದ್ದರು. ಮನೆಗೆ ಕಳಿಸುವ ಹೊತ್ತಿಗೆ ಅದೂ ಸರಿಹೋಗಿದೆ ಎಂದಿದ್ದರು. ಉಳಿದದ್ದು ಆಯಾಸ. ಅದು ನಿದ್ದೆಗೆಟ್ಟವರ ಆಯಾಸದಂತಿರಲಿಲ್ಲ. ಒಂದಷ್ಟು ಹೊತ್ತು ಗಮನವಿಟ್ಟು ಕೆಲಸ ಮಾಡಿದರೆ ತಲೆಯೊಳಗೆ ಯಾರೋ ಒಂದೊಂದಾಗಿ ದೀಪ ಆರಿಸುತ್ತಾ ಹೋದ ಹಾಗಿರುತ್ತದೆ ಎಂದು ಅವಳೇ ವಿವರಿಸುತ್ತಿದ್ದಳು.

ಅವಳು ಮರಳಿ ಬಂದು ಅಂತಿಮ ವರ್ಷಕ್ಕೆ ಸೇರಿದಾಗ ಹೊಸ ಸಹಪಾಠಿಗಳು ಚೂಟಿ ಎನ್ನಲು ಹಿಂಜರಿದರು. ಎಲ್ಲಿ ನೋವಾಗುತ್ತದೋ ಎಂದು. ‘ಚೂಟಿ ಅಂತಾನೇ ಕರೀರಿ. ಇನ್ನೊಂದು ಹೆಸರು ನೆನಪಿಟ್ಟುಕೊಳ್ಳೋಕೆ ನನ್ನ ತಲೇಲಿ ಜಾಗ ಇಲ್ಲ’ ಎಂದು ಅವಳೇ ಆ ಮುಜುಗರವನ್ನು ಕಳೆದಳು.

ವರ್ಷದ ಮೊದಲ ಕಿರುಪರೀಕ್ಷೆಯಲ್ಲೇ ಗಂಟೆ ಓಟ ಅವಳ ಕಾಲೆಳೆಯಿತು. ಮೂರನೆಯ ಮೇಜಿನಲ್ಲಿ ಗಂಟೆಯ ಸದ್ದಿಗೆ ಬೆಚ್ಚಿದವಳು ಮೂರನೆಯ ಉತ್ತರವನ್ನು ನಾಲ್ಕನೆಯದರ ಜಾಗದಲ್ಲಿ ಬರೆದಳು. ಅಲ್ಲಿಂದ ಮುಂದೆ ಕೊನೆಯವರೆಗೂ ಎಲ್ಲವೂ ಒಂದೊಂದು ಮನೆ ಆಚೆ ಸರಿದುಹೋಯಿತು. ಹೆಸರುಗಳೆಲ್ಲ ಸರಿ, ಜಾಗಗಳೆಲ್ಲ ತಪ್ಪು.

ವಿಭಾಗದ ಮುಖ್ಯಸ್ಥರು ಒಳ್ಳೆಯವರು, ಆದರೆ ಅಂಜುಬುರುಕರು. ಅವರು ಸಮಿತಿ ಸೇರಿಸಿ, ನಿಯಮಾವಳಿ ತಿರುವಿಹಾಕಿ, ಚೂಟಿಗೆ ಕೊಡಬಹುದಾದ ಅನುಕೂಲಗಳನ್ನೆಲ್ಲ ಧಾರಾಳವಾಗಿಯೇ ಕೊಟ್ಟರು. ಗದ್ದಲವಿಲ್ಲದ ಪ್ರತ್ಯೇಕ ಕೋಣೆ. ಗಂಟೆ ಇಲ್ಲ. ನಿಲ್ಲುವ ಕಷ್ಟವೂ ಬೇಡವೆಂದು ಕುರ್ಚಿ. ಮಾದರಿಗಳು ಒಂದೊಂದಾಗಿ ಅವಳ ಮುಂದೆಯೇ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಉಳಿದವರಿಗಿಂತ ಎರಡು ಪಟ್ಟು ಸಮಯ. ಈ ಏರ್ಪಾಡಿನಲ್ಲಿ ಒಂದು ಪೂರ್ವಪರೀಕ್ಷೆ ಮಾಡಿ ನೋಡೋಣ ಎಂದರು. ಅದೂ ಆಗದಿದ್ದರೆ ಇನ್ನೊಂದು ದಾರಿಯಿತ್ತು. ಪ್ರಾಯೋಗಿಕ ಪರೀಕ್ಷೆಯಿಂದಲೇ ಅವಳಿಗೆ ವಿನಾಯಿತಿ ಕೊಟ್ಟು, ಲಿಖಿತ ಪರೀಕ್ಷೆಗಳ ಸರಾಸರಿಯನ್ನು ಆ ಜಾಗದಲ್ಲಿ ತುಂಬುವುದು.

ಕೇಳಿದವರೆಲ್ಲ ಅದೃಷ್ಟ ಎಂದರು. ಚೂಟಿಗೆ ಮಾತ್ರ ಅದರ ಅರ್ಥ ಗೊತ್ತಿತ್ತು. ಅವಳು ಏಡಿ ಮೇಡಂ ಹಿಡಿದ ದಾರಿಯನ್ನೇ ಹಿಡಿಯಬೇಕೆಂದಿದ್ದಳು. ಸ್ನಾತಕೋತ್ತರ ತರಗತಿಗೆ ಪ್ರಾಯೋಗಿಕದಲ್ಲಿ ತಾನೇ ಗಳಿಸಿದ ಅಂಕ ಬೇಕು. ಅಂಕಪಟ್ಟಿಯಲ್ಲಿ ‘ವಿನಾಯಿತಿ’ ಎಂಬ ಪದವಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪದವಿ ಸಿಗುತ್ತದೆ, ಪ್ರಾಣಿಗಳು ಕೈತಪ್ಪುತ್ತವೆ.

ಪೂರ್ವಪರೀಕ್ಷೆಯ ಮಧ್ಯಾಹ್ನ ಕೋಣೆಯಲ್ಲಿ ಅವಳು ಮತ್ತು ಏಡಿ ಮೇಡಂ ಇಬ್ಬರೇ ಇದ್ದರು. ಮೇಡಂ ಒಂದೊಂದೇ ಮಾದರಿಯನ್ನು ಅವಳ ಮುಂದಿಟ್ಟು, ಅವಳು ಬರೆದಾದ ಮೇಲೆ ತೆಗೆದಿಡುತ್ತಿದ್ದರು. ಚೂಟಿ ಸಿಕ್ಕ ಸಮಯವನ್ನೆಲ್ಲ ಬಳಸಿ, ಬೆವರೊರೆಸಿಕೊಳ್ಳುತ್ತಾ ಬರೆದಳು. ಕೊನೆಯ ಮಾದರಿ ಪಿಟೀಲು ಏಡಿ. ಈ ಜಾತಿಯ ಗಂಡಿನ ಮುಂಗಾಲುಗಳಲ್ಲಿ ಒಂದು ಚಿಕ್ಕ ಇಕ್ಕಳ, ಇನ್ನೊಂದು ತನ್ನ ಮೈಯಷ್ಟೇ ದೊಡ್ಡದು. ಪಿಟೀಲು ಹಿಡಿದು ನಿಂತ ಹಾಗೆ ಕಾಣುತ್ತದೆ. ಹೆಣ್ಣಿಗೆ ಎರಡೂ ಚಿಕ್ಕವು. ಜಾಡಿಯಲ್ಲಿದ್ದದ್ದು ಗಂಡು. ಮೇಡಂ ಅದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದರು, ಹುಡುಗಿ ನಗುನಗುತ್ತಾ ಮುಗಿಸಲಿ ಎಂದು. ಚೂಟಿ ಬರೆದದ್ದು: ‘ಪಿಟೀಲು ಏಡಿ, ಹೆಣ್ಣು. ಇಕ್ಕಳಗಳೆರಡೂ ಚಿಕ್ಕವು, ಸಮಾನ ಗಾತ್ರದವು.’

ಉತ್ತರ ಪತ್ರಿಕೆ ಓದುತ್ತಿದ್ದ ಮೇಡಂ ಅಲ್ಲಿಗೆ ಬಂದಾಗ ತಡೆದರು. ಹಿಂದಿನ ಕೆಲವು ಉತ್ತರಗಳೂ ವಿಚಿತ್ರವಾಗಿ ತಪ್ಪಿದ್ದವು. ಜಾತಿ ಸರಿ, ಆದರೆ ಲಕ್ಷಣ ಅರ್ಧ. ಓದದವರು ಮಾಡುವ ತಪ್ಪಲ್ಲ ಅದು. ಹಾಗಾದರೆ ಯಾವ ತಪ್ಪು ಎನ್ನುವುದೂ ಅವರಿಗೆ ಹೊಳೆಯಲಿಲ್ಲ. ಮುಖ್ಯಸ್ಥರಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದರು.

ಅಷ್ಟರಲ್ಲಿ ಸೆಕೆಯಾಗುತ್ತಿದೆಯೆಂದು ಕಿಟಕಿ ತೆರೆಯಲು ಚೂಟಿ ಎದ್ದು ಮೇಜಿನ ಆಚೆ ಬದಿಗೆ ಹೋದಳು. ಕಿಟಕಿ ತೆರೆದು ತಿರುಗಿದವಳು ಹಾಗೇ ನಿಂತಳು.

‘ಮೇಡಂ, ಜಾಡಿ ಯಾವಾಗ ಬದಲಾಯಿಸಿದ್ರಿ?’

‘ಜಾಡಿ ಮುಟ್ಟೇ ಇಲ್ವಲ್ಲೇ.’

‘ಇದು ಗಂಡು.’

‘ನಾನೂ ಅದನ್ನೇ ನೋಡ್ತಾ ಕೂತಿದ್ದೀನಿ’ ಎಂದರು ಮೇಡಂ.

ಚೂಟಿ ಮತ್ತೆ ಬಂದು ಕುರ್ಚಿಯಲ್ಲಿ ಕುಳಿತು ನೋಡಿದಳು. ದೊಡ್ಡ ಇಕ್ಕಳ ಇರಲಿಲ್ಲ. ಎದ್ದು ಆಚೆ ಹೋದಳು. ಇತ್ತು. ‘ಇಲ್ಲಿಂದ ಹೆಣ್ಣು, ಅಲ್ಲಿಂದ ಗಂಡು. ಒಳ್ಳೆ ಸಂಸಾರ’ ಎಂದು ಗೊಣಗಿದಳು. ದನಿಯಲ್ಲಿ ತಮಾಷೆಯಿತ್ತು, ಮುಖದಲ್ಲಿರಲಿಲ್ಲ. ಆಮೇಲೆ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತು, ಜಾಡಿಯನ್ನು ನಿಧಾನವಾಗಿ ತಿರುಗಿಸಿ ಎಂದು ಮೇಡಂ ಅವರನ್ನು ಕೇಳಿದಳು. ಜಾಡಿ ತಿರುಗುತ್ತಾ ಬಂದಂತೆ ಏಡಿಯ ದೊಡ್ಡ ಇಕ್ಕಳ ಬಲಕ್ಕೆ ಬಂದಾಗ ‘ಇದೆ’ ಎಂದಳು. ಎಡಕ್ಕೆ ದಾಟಿದಾಗ ‘ಇಲ್ಲ’ ಎಂದಳು. ಮಂಜಾಗಿ ಕಂಡದ್ದಲ್ಲ, ಕಪ್ಪಾಗಿ ಕಂಡದ್ದೂ ಅಲ್ಲ. ಇಲ್ಲದ್ದರ ಜಾಗದಲ್ಲಿ ಒಂದು ಚಿಕ್ಕ ಇಕ್ಕಳ ಇದೆಯೆಂದೇ ಅವಳ ಮನಸ್ಸು ನಂಬಿತ್ತು. ಒಂದು ಬದಿಯನ್ನು ನೋಡಿ ಇನ್ನೊಂದು ಬದಿಯನ್ನು ಅದು ತಾನೇ ತುಂಬಿಕೊಂಡಿತ್ತು.

ತನ್ನ ತಲೆ ತನಗೇ ಸುಳ್ಳು ಹೇಳುತ್ತಿದೆ ಎಂದು ತಿಳಿದ ಕ್ಷಣದಲ್ಲಿ ಯಾರಾದರೂ ಅಳುತ್ತಾರೆ. ಮೇಡಂ ಅದಕ್ಕೆ ಸಿದ್ಧರಾಗಿ ಕರವಸ್ತ್ರಕ್ಕೆ ಕೈಹಾಕಿಯೂ ಇದ್ದರು. ಚೂಟಿ ಕೇಳಿದ್ದು ಬೇರೆ.

‘ನಾಳೆ ಬೆಳಿಗ್ಗೆ ಇದೇ ಜಾಡಿ, ಇದೇ ಕುರ್ಚಿ, ಇನ್ನೊಂದ್ಸಲ ಮಾಡೋಣ್ವಾ ಮೇಡಂ? ಒಂದೇ ಸಲ ಆದದ್ದನ್ನ ನಂಬಬೇಡ ಅಂತ ನೀವೇ ಹೇಳಿಕೊಟ್ಟಿರೋದು.’

ಮರುದಿನ ಬೆಳಿಗ್ಗೆ ಅವಳು ಕುಳಿತ ಕೂಡಲೇ ದೊಡ್ಡ ಇಕ್ಕಳ ಎಡಗಡೆಯೇ ಕಾಣಿಸಿತು. ಮೇಡಂ ನಿಟ್ಟುಸಿರುಬಿಟ್ಟು, ಹಾಗಾದರೆ ನಿನ್ನೆಯದು ಏನೋ ಭ್ರಮೆ ಎಂದರು. ಚೂಟಿ ಒಪ್ಪಲಿಲ್ಲ. ತನ್ನ ಮುಂದೆ ಒಂದರ ಹಿಂದೊಂದು ಮಾದರಿ ಇಡಲು ಹೇಳಿ, ಪರೀಕ್ಷೆಯಲ್ಲಿ ಬರೆಯುವಂತೆಯೇ ಬಿಡದೆ ಬರೆದಳು. ನಡುನಡುವೆ ಅದೇ ಏಡಿಯ ಜಾಡಿ ಬರಬೇಕು ಎಂಬುದು ಅವಳ ಷರತ್ತು. ಮೊದಲೊಂದಷ್ಟು ಸಲ ಇಕ್ಕಳ ಇತ್ತು. ದಣಿವು ಏರಿದ ಮೇಲೆ ಇರಲಿಲ್ಲ. ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿ ಎದ್ದ ಮೇಲೆ ಮತ್ತೆ ಬಂತು.

ಆಗ ಇಬ್ಬರಿಗೂ ಅರ್ಥವಾಯಿತು. ಆಸ್ಪತ್ರೆಯಲ್ಲಿ ಸರಿಹೋಗಿದೆ ಎಂದದ್ದು ಸುಳ್ಳಲ್ಲ. ವೈದ್ಯರು ಅವಳನ್ನು ನೋಡುತ್ತಿದ್ದದ್ದು ಬೆಳಗಿನ ಹೊತ್ತು, ದಣಿಯದಿರುವಾಗ. ದಣಿದರೆ ಎಡಬದಿ ಮತ್ತೆ ಮರೆಯಾಗುತ್ತದೆ. ಸಮಿತಿ ಕನಿಕರದಿಂದ ಕೊಟ್ಟ ಎರಡು ಪಟ್ಟು ಸಮಯ ಅವಳನ್ನು ಎರಡು ಪಟ್ಟು ದಣಿಸಿತ್ತು. ಕೊಟ್ಟ ಕುರ್ಚಿ ಅವಳನ್ನು ಪ್ರತಿ ಮಾದರಿಯ ಒಂದೇ ಮಗ್ಗುಲಿಗೆ ಕಟ್ಟಿಹಾಕಿತ್ತು.

ಮನೆಯಲ್ಲಿ ಇದನ್ನು ಹೇಳುವುದು ಏಡಿಯ ಲಿಂಗ ಹೇಳುವುದಕ್ಕಿಂತ ಕಷ್ಟವಾಯಿತು. ಅವಳ ಅಪ್ಪನದು ಕನ್ನಡಕದ ಅಂಗಡಿ. ಆಸ್ಪತ್ರೆಯಿಂದ ಬಂದಾಗಿನಿಂದ ವಾರಕ್ಕೊಮ್ಮೆಯಾದರೂ ಮಗಳನ್ನು ಅಂಗಡಿಯ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ದೀಪದ ಫಲಕದಲ್ಲಿರುವ ಅಕ್ಷರಗಳನ್ನು ಓದಿಸುತ್ತಿದ್ದರು. ಅವಳು ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಓದುತ್ತಿದ್ದಳು. ಮಗಳ ಕಣ್ಣಿನಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ ಎಂದು ಅವರು ಬಂದ ಗಿರಾಕಿಗಳಿಗೆಲ್ಲ ಕರೆದು ಹೇಳುತ್ತಿದ್ದರು. ಊಟದ ತಟ್ಟೆಯಲ್ಲಿ ಅರ್ಧ ಬಿಟ್ಟೇಳುತ್ತಾಳೆ ಎಂದು ಅಮ್ಮ ದೂರಿದರೆ, ಹಸಿವಿನ ವಿಷಯ ನನ್ನದಲ್ಲ, ಕಣ್ಣಿನ ವಿಷಯ ನನ್ನದು ಎನ್ನುತ್ತಿದ್ದರು. ಬಿಡುತ್ತಿದ್ದದ್ದು ಯಾವಾಗಲೂ ಎಡಗಡೆಯ ಅರ್ಧ ಎಂದು ಯಾರೂ ಗಮನಿಸಿರಲಿಲ್ಲ.

ಈಗ ಮಗಳು ಹೀಗೆನ್ನುತ್ತಿದ್ದಾಳೆ ಎಂದರೆ ಅವರ ಕಸುಬಿಗೇ ಕೈಹಾಕಿದ ಹಾಗಾಯಿತು. ಸಂಜೆ ಅಂಗಡಿಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ, ಫಲಕದ ದೀಪ ಹಾಕಿ, ಎಂದಿನಂತೆ ಅಕ್ಷರ ತೋರಿಸುವ ಕೋಲು ಕೈಗೆತ್ತಿಕೊಂಡರು. ಅವಳು ಇಡೀ ದಿನ ಓದಿ ದಣಿದಿದ್ದಳು.

‘ಕೋಲು ಬೇಡ ಅಪ್ಪ. ಕೆಳಗಿಡು. ಬರೀ ಓದು ಅನ್ನು.’

ಅವಳು ಓದಿದಳು. ಮೊದಲ ಸಾಲು ಸರಿ, ಅದರಲ್ಲಿದ್ದದ್ದೇ ಒಂದಕ್ಷರ. ಕೆಳಗಿಳಿದಂತೆ ಪ್ರತಿ ಸಾಲಿನಲ್ಲೂ ಎಡತುದಿಯ ಅಕ್ಷರಗಳು ಬಿಟ್ಟುಹೋದವು. ಓದಿದಷ್ಟನ್ನು ಅವಳು ಪೂರ್ತಿ ಸಾಲೆಂಬ ಭರವಸೆಯಿಂದಲೇ ಓದಿದ್ದಳು. ಅಪ್ಪ ಕೋಲನ್ನು ಬಿಟ್ಟುಹೋದ ಅಕ್ಷರದ ಮೇಲಿಟ್ಟರು. ಅದನ್ನೂ ಓದಿದಳು. ತೆಗೆದರು. ಇನ್ನೊಮ್ಮೆ ಎಂದರು. ಮತ್ತೆ ಬಿಟ್ಟುಹೋಯಿತು.

ಅವರು ಗಿರಾಕಿಗಳ ಬೆಂಚಿನ ಮೇಲೆ ಕುಳಿತುಬಿಟ್ಟರು. ‘ಇಷ್ಟು ದಿನ ನಾನೇ ತೋರಿಸಿಕೊಟ್ಟು ನಾನೇ ಪಾಸು ಮಾಡಿಸಿದೆ’ ಎಂದರು.

‘ಕಣ್ಣಿಗೆ ಏನೂ ಆಗಿಲ್ಲ ಅಪ್ಪ. ನಿನ್ನ ಅಂಗಡಿ ಮಾನ ಉಳೀತು.’

ಅಪ್ಪನಿಗೆ ನಗು ಬರಲಿಲ್ಲ. ಆದರೆ ಅವರು ಕೈಕಟ್ಟಿ ಕೂರುವವರೂ ಅಲ್ಲ. ಕೋಲನ್ನು ಪರೀಕ್ಷೆಯ ಕೋಣೆಗೆ ಕಳಿಸಲಾಗದು. ಕೋಲು ಮಾಡುವ ಕೆಲಸವನ್ನು ಬೇರೆ ಏನಾದರೂ ಮಾಡಬಹುದೇ? ಪೆಟ್ಟಿಗೆಗಳಿಗೆ ಅಂಟಿಸುವ ಕೆಂಪು ಟೇಪಿನ ಸುರುಳಿಯಿಂದ ಒಂದು ಪಟ್ಟಿ ಕತ್ತರಿಸಿ, ಫಲಕದ ಎಡ ಅಂಚಿನುದ್ದಕ್ಕೂ ಅಂಟಿಸಿದರು. ಚೂಟಿ ಮೊದಲು ಆ ಕೆಂಪನ್ನು ಹುಡುಕಿದಳು. ತಡವಾಯಿತು, ಆದರೆ ಸಿಕ್ಕಿತು. ಅಲ್ಲಿಂದ ಓದುತ್ತಾ ಬಂದಳು. ಒಂದಕ್ಷರವೂ ಬಿಟ್ಟುಹೋಗಲಿಲ್ಲ. ಕೆಂಪು ಕಾಣುವವರೆಗೂ ಎಡಕ್ಕೆ ಹೋಗುತ್ತಿರಬೇಕು, ಕಾಣುವ ಮೊದಲು ಮುಗಿಯಿತು ಎಂದುಕೊಳ್ಳಬಾರದು. ತನಗೆ ತಾನೇ ಅವಳು ಮಾಡಿಕೊಂಡ ನಿಯಮ ಅದು. ಮನೆಯಲ್ಲಿ ಅಮ್ಮ ಊಟದ ನಡುವೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಡತೊಡಗಿದರು. ಊಟ ಪೂರ್ತಿಯಾಗತೊಡಗಿತು.

ಮುಖ್ಯಸ್ಥರ ಕೋಣೆಯಲ್ಲಿ ಸಭೆ ಸೇರಿದಾಗ ವಿನಾಯಿತಿಯ ಕಾಗದ ಮೇಜಿನ ಮೇಲೆ ಸಿದ್ಧವಿತ್ತು. ಅಪ್ಪ ಮತ್ತು ಏಡಿ ಮೇಡಂ ಆಚೀಚೆ ಕುಳಿತಿದ್ದರು. ಮಾತಾಡಿದವಳು ಚೂಟಿ. ಜಾಡಿಯಲ್ಲಿ ಆದದ್ದನ್ನು, ಮರುದಿನ ಮತ್ತೆ ಮಾಡಿ ನೋಡಿದ್ದನ್ನು ಪ್ರಯೋಗದ ವರದಿ ಒಪ್ಪಿಸುವಂತೆ ಒಪ್ಪಿಸಿದಳು. ಆಮೇಲೆ ತನಗೆ ಬೇಕಾದದ್ದನ್ನು ಹೇಳಿದಳು. ಪ್ರತ್ಯೇಕ ಕೋಣೆ ಇರಲಿ, ಗಂಟೆ ಬೇಡ. ಕುರ್ಚಿಯೂ ಬೇಡ. ಮಾದರಿಗಳ ಮೇಜುಗಳು ಗೋಡೆಯಿಂದ ದೂರವಿರಲಿ, ಅವುಗಳ ಸುತ್ತ ನಡೆಯಲು ಬಿಡಿ. ಸಮಯ ಎಲ್ಲರಿಗಿರುವಷ್ಟೇ ಸಾಕು, ಆದರೆ ಎರಡು ಭಾಗವಾಗಿ, ನಡುವೆ ಅರ್ಧ ಗಂಟೆ ಮಲಗಲು ಬಿಡಬೇಕು. ಆಗ ಮೇಡಂ ಜೊತೆಗೇ ಇರಲಿ, ಯಾರೊಂದಿಗೂ ಮಾತಾಡಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ. ಉತ್ತರ ಪತ್ರಿಕೆಯ ಎಡ ಅಂಚಿಗೆ ಕೆಂಪು ಪಟ್ಟಿ. ಸೂಕ್ಷ್ಮದರ್ಶಕದ ಸುತ್ತ ನಡೆದು ಪ್ರಯೋಜನವಿಲ್ಲದ್ದರಿಂದ ಅದರ ಕಣ್ಣುಮಸೂರದ ಒಳ ಅಂಚಿನಲ್ಲಿ, ಎಡಕ್ಕೆ, ಒಂದು ಕೆಂಪು ಗೆರೆ. ಅದನ್ನು ತಾನು ಹಾಕಿಕೊಡುವುದಾಗಿ, ಮಸೂರಕ್ಕೆ ಗೀರು ಬೀಳದಂತೆ ನೋಡಿಕೊಳ್ಳುವುದಾಗಿ ಅಪ್ಪ ನಡುವೆ ಬಾಯಿ ಹಾಕಿದರು.

ಮುಖ್ಯಸ್ಥರು ಕನ್ನಡಕ ತೆಗೆದು ಅವಳನ್ನು ನೋಡಿದರು. ‘ಕೊಟ್ಟ ಸಮಯ ವಾಪಸ್ ಕೊಡೋಕೆ ಬಂದವರನ್ನ ಇದೇ ಮೊದಲು ನೋಡ್ತಿದ್ದೀನಮ್ಮ’ ಎಂದರು. ಆದರೆ ಅವರ ಅಳುಕು ಹೋಗಿರಲಿಲ್ಲ. ಸುತ್ತಲೂ ನಡೆದು ನೋಡುವವರಿಗೆ ಹಿಂಬದಿಯೂ ಕಾಣುತ್ತದೆ, ಉಳಿದವರಿಗೆ ಮುಂಬದಿ ಮಾತ್ರ. ನಾಳೆ ಯಾರಾದರೂ ಅದನ್ನು ಕೇಳಿದರೆ? ಏಡಿ ಮೇಡಂ, ನಿಯಮದಲ್ಲಿರುವುದು ಮುಟ್ಟಬಾರದು ಎಂದು ಮಾತ್ರ, ನಡೆಯಬಾರದು ಎಂದಲ್ಲ ಎಂದರು. ಮುಖ್ಯಸ್ಥರು ಪುಸ್ತಕ ತೆರೆದು ಖಚಿತಪಡಿಸಿಕೊಂಡರು. ಮೇಜುಗಳನ್ನು ಗೋಡೆಗೆ ತಾಗಿಸಿಡಬೇಕು ಎಂದೂ ಅದರಲ್ಲಿ ಎಲ್ಲೂ ಇರಲಿಲ್ಲ. ಎಲ್ಲರೂ ಹಾಗೆ ಇಡುತ್ತಿದ್ದರು, ಅಷ್ಟೇ.

‘ಹಾಗಿದ್ರೆ ಎಲ್ಲರ ಮೇಜೂ ನಡುವೆ ಇಡಿ ಸರ್’ ಎಂದಳು ಚೂಟಿ. ‘ಎಲ್ಲರೂ ಸುತ್ತಲಿ. ನನಗೇನೂ ಹೊಟ್ಟೆಕಿಚ್ಚಿಲ್ಲ.’

ಮುಖ್ಯಸ್ಥರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಕೊನೆಗೆ ಒಪ್ಪಿದರು. ಆದರೆ ವಿನಾಯಿತಿಯ ಕಾಗದವನ್ನು ಹರಿಯಲಿಲ್ಲ, ಮೇಜಿನ ಖಾನೆಯೊಳಗಿಟ್ಟರು. ಪರೀಕ್ಷೆ ಕೈಕೊಟ್ಟರೆ ಹುಡುಗಿಯ ವರ್ಷ ಹಾಳಾಗಬಾರದು ಎಂಬುದು ಅವರ ಲೆಕ್ಕ. ಚೂಟಿ ಅದನ್ನು ಆಕ್ಷೇಪಿಸಲಿಲ್ಲ. ತಾನು ಗೆಲ್ಲುತ್ತೇನೆ ಎಂಬ ಖಾತ್ರಿ ಅವಳಿಗೂ ಇರಲಿಲ್ಲ.

ಅಂತಿಮ ಪರೀಕ್ಷೆಯ ದಿನ ಮೇಜುಗಳೆಲ್ಲ ನಡುವಿಗೆ ಬಂದು ಮುಖ್ಯ ಪ್ರಯೋಗಾಲಯ ಪೀಠೋಪಕರಣದ ಅಂಗಡಿಯ ಹಾಗೆ ಕಾಣುತ್ತಿತ್ತು. ಪಕ್ಕದ ಕೋಣೆಯಲ್ಲಿ ಚೂಟಿ ಒಬ್ಬಳೇ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು. ಅವಳ ವಿಷಯ ಅವರಿಗೆ ಮೊದಲೇ ತಿಳಿಸಿದ್ದರು. ಬಾಗಿಲಲ್ಲಿ ಒಂದು ಕ್ಷಣ ಇಣುಕಿ ಹೋಗಲೆಂದು ಬಂದವರು ಅಲ್ಲೇ ನಿಂತರು.

ಅವಳ ಕೆಲಸ ನೋಡುವಂತಿತ್ತು. ಮೇಜಿನ ಮುಂದೆ ನಿಂತು ನೋಡುತ್ತಾಳೆ, ಒಂದು ಸಾಲು ಬರೆಯುತ್ತಾಳೆ. ಆಮೇಲೆ, ಈಗ ಬರೆದದ್ದನ್ನು ನಂಬದವಳಂತೆ, ಮೇಜನ್ನು ಸುತ್ತಿ ಆಚೆ ಹೋಗುತ್ತಾಳೆ. ಕೈಗಳು ಬೆನ್ನ ಹಿಂದೆ, ಮುಟ್ಟಿದಳೆಂದು ಯಾರೂ ಅನ್ನಬಾರದು. ಮರಳಿ ಬಂದು ಕೆಲವೊಮ್ಮೆ ಆ ಸಾಲನ್ನು ಉಳಿಸುತ್ತಾಳೆ, ಕೆಲವೊಮ್ಮೆ ಹೊಡೆದುಹಾಕಿ ಹೊಸದಾಗಿ ಬರೆಯುತ್ತಾಳೆ. ತನ್ನ ಮೊದಲ ನೋಟ ತಪ್ಪಿರಬಹುದು ಎಂದುಕೊಂಡು ಪ್ರತಿ ಸಲವೂ ಮತ್ತೊಮ್ಮೆ ನೋಡುವುದು ಎಷ್ಟು ದಣಿವಿನ ಕೆಲಸವೆಂದು ಪರೀಕ್ಷಕರಿಗೆ ಗೊತ್ತಿತ್ತು. ಜೀವಮಾನವಿಡೀ ಸಂಶೋಧಕರಿಗೆ ಅವರು ಕಲಿಸಲು ಹೆಣಗಿದ್ದು ಅದನ್ನೇ. ಬಹುತೇಕರು ಕಲಿತಿರಲಿಲ್ಲ.

ಬಿಡುವಿನಲ್ಲಿ ಚೂಟಿ ಬೆಂಚಿನ ಮೇಲೆ ಮುಖದ ಮೇಲೊಂದು ಬಟ್ಟೆ ಹಾಕಿ ಮಲಗಿದಳು. ಏಡಿ ಮೇಡಂ ಪಕ್ಕದಲ್ಲಿ ಕೈಕಟ್ಟಿ ಕುಳಿತರು. ಎರಡನೆಯ ಭಾಗ ನಿಧಾನವಾಯಿತು. ಒಂದು ಬಾವಲಿಯ ಅಸ್ಥಿಪಂಜರವನ್ನು ಅವಳು ಬಲದಿಂದ ಸುತ್ತಿದಳು, ಎಡದಿಂದ ಸುತ್ತಿದಳು, ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಳು, ಮತ್ತೆ ಸುತ್ತಿದಳು. ಮೇಡಂ ಉಗುರು ಕಚ್ಚುತ್ತಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ಸಮಯ ಮುಗಿಯುವ ಹೊತ್ತಿಗೆ ಅವಳು ಕೊನೆಯ ಮೇಜಿನಲ್ಲಿದ್ದಳು. ಬರೆದು ಮುಗಿಸಿ, ಪುಟದ ಎಡ ಅಂಚಿನ ಕೆಂಪನ್ನು ಬೆರಳಿನಿಂದ ಮುಟ್ಟಿ ನೋಡಿ, ಪತ್ರಿಕೆ ಕೊಟ್ಟಳು.

ಮಧ್ಯಾಹ್ನ ಮೌಖಿಕ ಪರೀಕ್ಷೆ. ಒಬ್ಬೊಬ್ಬರನ್ನಾಗಿ ಕರೆದು, ಅವರವರ ಉತ್ತರ ಪತ್ರಿಕೆ ಎದುರಿಟ್ಟುಕೊಂಡೇ ಪ್ರಶ್ನೆ ಕೇಳುವುದು ಅಲ್ಲಿಯ ಪದ್ಧತಿ. ಚೂಟಿಯನ್ನು ಕರೆದಾಗ ಏಡಿ ಮೇಡಂ ಮತ್ತು ಮುಖ್ಯಸ್ಥರು ಪರೀಕ್ಷಕರ ಪಕ್ಕದಲ್ಲಿದ್ದರು. ಪರೀಕ್ಷಕರು ಪುಟ ತಿರುಗಿಸುತ್ತಾ ಹೋದರು. ಸರಿ, ಸರಿ, ಇದೂ ಸರಿ. ಬಾವಲಿಯಂತೂ ತಾನೇ ಬರೆದಿದ್ದರೂ ಹೀಗೇ ಬರೆಯುತ್ತಿದ್ದೆ ಎಂದರು. ಮುಖ್ಯಸ್ಥರು ಕುರ್ಚಿಗೆ ಬೆನ್ನು ಆನಿಸಿದರು. ಒಂದು ಪುಟದಲ್ಲಿ ಪರೀಕ್ಷಕರು ನಿಂತರು. ಜಾಡಿಯಲ್ಲಿದ್ದ ಒಂದು ಸಮುದ್ರದ ಹುಳು. ಚೂಟಿ ಬರೆದಿದ್ದದ್ದು ಬೇರೆಯೇ ಒಂದು ಹುಳುವಿನ ಹೆಸರು.

ಪರೀಕ್ಷಕರು ದನಿ ತಗ್ಗಿಸಿದರು. ರೋಗಿಯ ಹಾಸಿಗೆಯ ಪಕ್ಕ ಮಾತಾಡುವವರ ದನಿ ಅದು. ‘ಇದರ ತಲೆ ನಿಮ್ಮ ಎಡಕ್ಕಿತ್ತು ಮಗು. ಕಾಣದೇ ಹೋಗಿರುತ್ತೆ. ನಿಮ್ಮ ಪರಿಸ್ಥಿತೀಲಿ ಅದು ಸಹಜ. ಇದಕ್ಕೂ ಅಂಕ ಕೊಟ್ಟುಬಿಡ್ತೀನಿ, ಯೋಚನೆ ಮಾಡಬೇಡಿ.’

ಮುಖ್ಯಸ್ಥರು ತಲೆಯಾಡಿಸಿದರು. ಚೂಟಿ ಮುಂದಕ್ಕೆ ಬಾಗಿ ಪುಟವನ್ನು ನೋಡಿದಳು.

‘ಇಲ್ಲ ಸರ್. ತಲೆ ಕಾಣಿಸ್ತು. ಬಾಲಾನೂ ಕಾಣಿಸ್ತು. ಎರಡು ಸಲ ಸುತ್ತಿ ನೋಡಿದೀನಿ.’

‘ಮತ್ತೆ?’

‘ಅದೇನು ಅಂತ ಗೊತ್ತಾಗ್ಲಿಲ್ಲ. ಆ ಪಾಠ ಓದಿರಲಿಲ್ಲ.’

‘ಯಾಕೆ?’

ಚೂಟಿ ಒಂದು ಕ್ಷಣ ಮೇಡಂ ಕಡೆ ನೋಡಿದಳು. ಆ ಪಾಠ ಮಾಡಿದವರು ಅವರೇ. ‘ಬೇಜಾರು ಬರ್ತಿತ್ತು ಸರ್’ ಎಂದಳು.

ಏಡಿ ಮೇಡಂ ಕೆಮ್ಮು ಬಂದವರಂತೆ ಮುಖ ತಿರುಗಿಸಿದರು. ಪರೀಕ್ಷಕರು ಪೆನ್ನು ತೆಗೆದು ಆ ಉತ್ತರದ ಪಕ್ಕ ಸೊನ್ನೆ ಹಾಕಿದರು. ಹಾಕಿ ಅವಳ ಮುಖ ನೋಡಿದರು. ಅಲ್ಲಿ ಬೇಸರವಿರಲಿಲ್ಲ. ಈ ಎರಡು ವರ್ಷದಲ್ಲಿ ಅವಳು ಮಾಡಿದ ತಪ್ಪುಗಳಲ್ಲಿ ತಲೆಯ ಗಾಯಕ್ಕೆ ಸಂಬಂಧವೇ ಇಲ್ಲದ, ಪೂರ್ತಿ ಅವಳದೇ ಆದ ತಪ್ಪು ಅದೊಂದೇ ಇರಬೇಕು.

‘ಸರಿ’ ಎಂದರು ಪರೀಕ್ಷಕರು. ದನಿಯಲ್ಲಿದ್ದ ಮೃದುತನ ಹೋಗಿತ್ತು. ಮಧ್ಯಾಹ್ನದಿಂದ ಉಳಿದವರನ್ನೆಲ್ಲ ನಡುಗಿಸಿದ್ದ ದನಿ ಬಂದಿತ್ತು. ‘ಹಾಗಿದ್ರೆ ನೀನು ಓದಿರೋದರಲ್ಲೇ ಕೇಳ್ತೀನಿ. ಬಾವಲಿ ರೆಕ್ಕೆ, ಹಕ್ಕಿ ರೆಕ್ಕೆ. ಮೂಳೆ ಮೂಳೆ ಹಿಡಿದು ವ್ಯತ್ಯಾಸ ಹೇಳು. ತಪ್ಪಿದ್ರೆ ಬಿಡೋದಿಲ್ಲ.’

ಚೂಟಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.